ಆಫ್‌ರೋಡ್ ಜೀಪಿಗೆ ಏರ್ ಶಾಕ್: ಆಯ್ಕೆ, ಜೋಡಣೆ ಮತ್ತು ಟ್ಯೂನಿಂಗ್‌ನ ಸಮಗ್ರ ಮಾರ್ಗದರ್ಶಿ

ಗಾಳಿಯ ಸಸ್ಪೆನ್ಷನ್ ಎಂದ ಕೂಡಲೇ ಹೆಚ್ಚಿನವರು ನೆನಪಿಸಿಕೊಳ್ಳುವುದು ಬಸ್ಸುಗಳ ರಬ್ಬರ್ ಬೆಲೂನನ್ನೋ, 1992ರಲ್ಲಿ ರೇಂಜ್ ರೋವರ್‌ಗೆ ಬಂದ ಎಲೆಕ್ಟ್ರಾನಿಕ್ ಏರ್ ಸಸ್ಪೆನ್ಷನ್ನನ್ನೋ. ಈ ಬರಹದಲ್ಲಿ ಏರ್ ಶಾಕ್ ಎಂದರೆ ಅದಾವುದೂ ಅಲ್ಲ. ಲೋಹದ ಒಂದೇ ಕೊಳವೆಯೊಳಗೆ ಎಣ್ಣೆಯನ್ನೂ ಅಧಿಕ ಒತ್ತಡದ ನೈಟ್ರೋಜನ್ ಅನಿಲವನ್ನೂ ಒಟ್ಟಿಗೆ ತುಂಬಿ, ಭಾರ ಹೊರುವ ಸ್ಪ್ರಿಂಗ್ ಮತ್ತು ಕುಲುಕಾಟ ತಗ್ಗಿಸುವ ಡ್ಯಾಂಪರ್ ಎರಡರ ಕೆಲಸವನ್ನೂ ಒಂದರಿಂದಲೇ ಮಾಡಿಸುವ ಸಾಧನವಿದು. ಅಮೆರಿಕದ ಮೋಆಬ್, ಜಾನ್ಸನ್ ವ್ಯಾಲಿಯಂಥ ಕಡೆ ಬಂಡೆ ಹತ್ತುವ ಹಗುರ ಬಗ್ಗಿಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಕಾಯಿಲ್ ಇಲ್ಲ, ಪಟ್ಟಾ (ಲೀಫ್ ಸ್ಪ್ರಿಂಗ್) ಇಲ್ಲ, ಗಾಡಿಯಲ್ಲಿ ಕಂಪ್ರೆಸರ್ ಕೂಡ ಇಲ್ಲ. ಮೂಲೆಗೊಂದರಂತೆ ನಾಲ್ಕು ಶಾಕ್‌ಗಳು ಇಡೀ ಗಾಡಿಯನ್ನು ಹೊತ್ತು ನಿಲ್ಲುತ್ತವೆ.

ಕೆಲಸ ಮಾಡುವ ಬಗೆ

ಸಾಮಾನ್ಯ ಶಾಕ್ ಅಬ್ಸಾರ್ಬರ್‌ನ ಶಾಫ್ಟ್ ತೆಳ್ಳಗಿರುತ್ತದೆ. ಏರ್ ಶಾಕ್‌ನ ಶಾಫ್ಟ್ ಬೇಕೆಂದೇ ದಪ್ಪವಾಗಿರುತ್ತದೆ: ಕೊಳವೆಯ ವ್ಯಾಸ 2 ಇಂಚು ಇರುವ ಶಾಕ್‌ನಲ್ಲಿ ಸಾಮಾನ್ಯವಾಗಿ ಒಂದೂಕಾಲು ಇಂಚು, ಎರಡೂವರೆ ಇಂಚಿನದರಲ್ಲಿ ಸುಮಾರು 1.6 ಇಂಚು. ಚಕ್ರ ಮೇಲೆದ್ದಾಗ ಈ ಶಾಫ್ಟ್ ಒಳಗೆ ನುಗ್ಗಿ ಜಾಗವನ್ನು ಆಕ್ರಮಿಸುತ್ತದೆ. ಎಣ್ಣೆ ಕುಗ್ಗದ ಕಾರಣ ಅನಿಲವೇ ಕುಗ್ಗಬೇಕು, ಕುಗ್ಗಿದಷ್ಟೂ ಅದರ ಒತ್ತಡ ಏರುತ್ತದೆ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿದವರಿಗೆ ಇದರ ಸ್ವಭಾವ ಗೊತ್ತು: ಮೊದಲರ್ಧ ಸಲೀಸು, ಕೊನೆಯ ಎರಡು ಇಂಚು ಕಲ್ಲಿನಷ್ಟು ಗಟ್ಟಿ.

ಶಾಕ್ ಹೊರುವ ಭಾರವೆಂದರೆ ಒಳಗಿನ ಒತ್ತಡವನ್ನು ಶಾಫ್ಟಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದಷ್ಟು. ಒಂದು ಉದಾಹರಣೆಯನ್ನು ಹಿಡಿದುಕೊಂಡು ಬರಹದ ಉದ್ದಕ್ಕೂ ಅದನ್ನೇ ಬಳಸೋಣ. ಒಂದೂಕಾಲು ಇಂಚಿನ ಶಾಫ್ಟಿನ ವಿಸ್ತೀರ್ಣ 7.9 ಚದರ ಸೆಂ.ಮೀ. ಶಾಕ್‌ನ ಚಲನೆ 14 ಇಂಚು, ಅಂದರೆ 35.5 ಸೆಂ.ಮೀ. ಪೂರ್ತಿ ಚಾಚಿದಾಗ ಒಳಗಿನ ಅನಿಲದ ಜಾಗ 410 ಮಿ.ಲೀ. ಎಂದಿರಲಿ, ತುಂಬಿದ ಒತ್ತಡ 14 ಬಾರ್, ಅಂದರೆ ಸುಮಾರು 200 ಪಿಎಸ್ಐ ಇರಲಿ. ಪೂರ್ತಿ ಚಾಚಿದ ಸ್ಥಿತಿಯಲ್ಲಿ ಈ ಶಾಕ್ 113 ಕೆ.ಜಿ. ಬಲದಿಂದ ತಳ್ಳುತ್ತಿರುತ್ತದೆ. 23 ಸೆಂ.ಮೀ. ಒಳಗೆ ಹೋದಾಗ ಅದು ಹೊರುವ ಭಾರ ಸುಮಾರು 211 ಕೆ.ಜಿ.ಗೂ, ಪೂರ್ತಿ ಒಳಗೆ ಹೋದಾಗ 377 ಕೆ.ಜಿ.ಗೂ ಏರುತ್ತದೆ. ಸ್ಪ್ರಿಂಗ್‌ನ ಗಡಸುತನ ಪೂರ್ತಿ ಚಾಚಿದಾಗ ಸೆಂ.ಮೀ.ಗೆ 2.3 ಕೆ.ಜಿ., ಗಾಡಿ ನಿಂತ ಎತ್ತರದಲ್ಲಿ (ಅಂದರೆ ಸುಮಾರು 23 ಸೆಂ.ಮೀ. ಒಳಗೆ ಹೋಗಿರುವಾಗ) 7.6, ಕೊನೆಯಲ್ಲಿ 23ಕ್ಕೂ ಮೀರಿ. ಒಂದೇ ಸ್ಪ್ರಿಂಗ್ ತನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ಪಟ್ಟು ಗಡಸಾಗುವುದು ಕಾಯಿಲ್ ಸ್ಪ್ರಿಂಗಿನಲ್ಲಿ ಆಗದ ಮಾತು. ಏರ್ ಶಾಕ್‌ನ ಸೊಗಸೂ ಕಿರಿಕಿರಿಯೂ ಇದರಿಂದಲೇ ಹುಟ್ಟುತ್ತವೆ.

ಮೊದಲು: ನಿಮ್ಮ ಗಾಡಿಗೆ ಇದು ಬೇಕೇ?

ಹಗುರವಾದ, ನಿಧಾನವಾಗಿ ಚಲಿಸುವ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವ ಗಾಡಿಗೆ ಏರ್ ಶಾಕ್ ಒಪ್ಪುತ್ತದೆ. ನಮ್ಮಲ್ಲಿ ಸುಮಾರು ಒಂದು ಟನ್ ತೂಗುವ ಮಾರುತಿ ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳು ಮತ್ತು ಅವುಗಳ ಭಾಗಗಳಿಂದ ಕಟ್ಟಿದ ಟ್ಯೂಬ್ ಚಾಸಿಸ್ ಗಾಡಿಗಳು ಈ ವರ್ಗಕ್ಕೆ ಸೇರುತ್ತವೆ. 2020ರ ಥಾರ್‌ನಂತೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ, ಒಂದೂಮುಕ್ಕಾಲು ಟನ್ ಆಸುಪಾಸಿನ ಗಾಡಿಗೆ ಕಾಯಿಲ್‌ಓವರ್ (ಸುತ್ತಲೂ ಕಾಯಿಲ್ ಸ್ಪ್ರಿಂಗ್ ಇರುವ ಶಾಕ್) ಒಳ್ಳೆಯದು. ಕಲ್ಲುಮಣ್ಣಿನ ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸುವವರಿಗೂ ಅದೇ ಮಾತು. ಕಾರಣ ಮುಂದೆ ಬರುತ್ತದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಪಟ್ಟಾ ಕಳಚಿ ಲಿಂಕ್ (ಆಕ್ಸಲ್ಲನ್ನು ಚಾಸಿಸ್‌ಗೆ ಹಿಡಿಸುವ ಸರಳು) ಮತ್ತು ಏರ್ ಶಾಕ್ ಹಾಕಿದ ಗಾಡಿಯನ್ನು ಟ್ರೈಲರ್ ಮೇಲೆ ಹೇರಿಕೊಂಡು ಹೋಗಿ, ಖಾಸಗಿ ಜಾಗದಲ್ಲಿ ಅಥವಾ ಸ್ಪರ್ಧೆಯಲ್ಲಿ ಮಾತ್ರ ಇಳಿಸಬೇಕು. ಕಾನೂನು ಅಡ್ಡ ಬಾರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಏಕೆಂದರೆ ಒಂದು ಸೀಲ್ ಕೈಕೊಟ್ಟರೆ ಸ್ಪ್ರಿಂಗ್ ಎಂಬುದೇ ಇಲ್ಲದೆ ಆ ಮೂಲೆ ಕುಸಿದು ಕೂರುತ್ತದೆ. ಸಕಲೇಶಪುರದ ಘಾಟಿಯ ತಿರುವಿನಲ್ಲಿ ಅದು ಆಗಬಾರದು.

ಮೂಲೆಮೂಲೆಯ ತೂಕ

ತೂಕ ಗೊತ್ತಿಲ್ಲದೆ ಶಾಕ್ ಕೊಳ್ಳಬೇಡಿ. ಊರಿನ ವೇಬ್ರಿಡ್ಜ್‌ನಲ್ಲಿ ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಆಕ್ಸಲ್ ಮಾತ್ರ, ಬಳಿಕ ಎಡಗಡೆಯ ಎರಡು ಚಕ್ರ ಮಾತ್ರ ಹೀಗೆ ಮೂರು ಸಲ ತೂಗಿಸಿದರೆ ಹತ್ತಿಪ್ಪತ್ತು ಕೆ.ಜಿ. ಆಚೀಚೆಯಾದರೂ ಲೆಕ್ಕಕ್ಕೆ ಸಾಕಾಗುವ ಅಂದಾಜು ಸಿಗುತ್ತದೆ. ವಿಂಚ್, ಸ್ಪೇರ್ ಟೈರ್, ಅರ್ಧ ಟ್ಯಾಂಕ್ ಇಂಧನ, ಚಾಲಕ ಮತ್ತು ಸಹಚಾಲಕ ಎಲ್ಲವೂ ಇರಲಿ. ಬಂದ ತೂಕದಲ್ಲಿ ಆಕ್ಸಲ್, ಚಕ್ರ, ಟೈರ್, ಬ್ರೇಕುಗಳ ತೂಕವನ್ನು ಕಳೆಯಬೇಕು, ಏಕೆಂದರೆ ಶಾಕ್ ಹೊರುವುದು ಅದರ ಮೇಲಿನ ಭಾರವನ್ನು ಮಾತ್ರ. ಜಿಪ್ಸಿಯಂಥ ಗಾಡಿಗೆ ರೋಲ್ ಕೇಜ್ ಸೇರಿಸಿದರೂ ಮೂಲೆಗೆ ಇನ್ನೂರರ ಆಸುಪಾಸು ಕೆ.ಜಿ. ಬರಬಹುದು. ಮೇಲಿನ ಉದಾಹರಣೆಯಲ್ಲಿ 211 ಕೆ.ಜಿ.ಯನ್ನು ಹಿಡಿದದ್ದು ಅದಕ್ಕಾಗಿಯೇ.

ಮೂಲೆಗೆ 300 ಕೆ.ಜಿ. ದಾಟಿದರೆ ಎರಡೂವರೆ ಇಂಚಿನ ಶಾಕ್ ನೋಡಿ. ಅದರ ಶಾಫ್ಟಿನ ವಿಸ್ತೀರ್ಣ ಸುಮಾರು 13.4 ಚದರ ಸೆಂ.ಮೀ. ಇರುವುದರಿಂದ ಅದೇ ಒತ್ತಡದಲ್ಲಿ ಹತ್ತಿರಹತ್ತಿರ 1.7 ಪಟ್ಟು ಭಾರ ಹೊರುತ್ತದೆ. ಸಣ್ಣ ಶಾಕ್ ಕೊಂಡು ಒತ್ತಡ ಏರಿಸಿ ಸರಿದೂಗಿಸುವ ಉಳಿತಾಯ ಸೀಲ್ ಸವೆತದಲ್ಲಿ ಮರಳಿ ವಸೂಲಾಗುತ್ತದೆ.

ಆಕ್ಸಲ್‌ಗೆ ಹೊಸ ಹಿಡಿತ

ಪಟ್ಟಾಗಳು ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ ಹಿಂದೆ ಮುಂದೆ, ಎಡಬಲ ಸರಿಯದಂತೆಯೂ ಹಿಡಿದಿರುತ್ತವೆ. ಅವನ್ನು ಕಳಚಿದ ಮೇಲೆ ಆ ಕೆಲಸವನ್ನು ಲಿಂಕ್‌ಗಳು ಮಾಡಬೇಕು. ಹಿಂದಿನ ಆಕ್ಸಲ್‌ಗೆ ಮೇಲಿನ ಎರಡು ಲಿಂಕ್‌ಗಳನ್ನು ತ್ರಿಕೋನಾಕಾರದಲ್ಲಿ ಕೂರಿಸಿದ ನಾಲ್ಕು ಲಿಂಕ್‌ನ ಏರ್ಪಾಡು, ಮುಂದಿನದಕ್ಕೆ ಮೂರು ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಎಡಬಲ ಸರಿಯದಂತೆ ಹಿಡಿಯುವ ಅಡ್ಡ ಸರಳು) ರೂಢಿಯಲ್ಲಿವೆ. ಪ್ಯಾನ್‌ಹಾರ್ಡ್ ರಾಡ್ ಮತ್ತು ಸ್ಟೀರಿಂಗ್‌ನ ತಿರುವನ್ನು ಚಕ್ರಕ್ಕೆ ದಾಟಿಸುವ ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾಂತರವಾಗಿ, ಸಾಧ್ಯವಾದಷ್ಟು ಸಮ ಉದ್ದವಾಗಿ ಇರದಿದ್ದರೆ ಪ್ರತಿ ಉಬ್ಬಿನಲ್ಲೂ ಸ್ಟೀರಿಂಗ್ ತಾನಾಗಿ ತಿರುಗುತ್ತದೆ. ಲಿಂಕ್‌ಗಳ ಜ್ಯಾಮಿತಿ ಪ್ರತ್ಯೇಕ ಬರಹವನ್ನೇ ಬೇಡುವ ವಿಷಯ. ವೆಲ್ಡಿಂಗ್ ಅನುಭವವುಳ್ಳ ಫ್ಯಾಬ್ರಿಕೇಟರ್ ಜೊತೆ ಕೂತು ಕಾಗದದ ಮೇಲೆ ಮುಗಿಸಿದ ಬಳಿಕವೇ ಪೈಪ್ ಕತ್ತರಿಸಿ.

ಶಾಕ್ ಕೂರಿಸುವುದು

ಏರ್ ಶಾಕ್‌ನ ದಪ್ಪ ಕೊಳವೆ ಮೇಲೆ, ಶಾಫ್ಟ್ ಕೆಳಗೆ. ಇದರಲ್ಲಿ ರಾಜಿಯಿಲ್ಲ, ಏಕೆಂದರೆ ಎಣ್ಣೆಯನ್ನೂ ಅನಿಲವನ್ನೂ ಬೇರ್ಪಡಿಸುವ ತಡೆ ಒಳಗಿಲ್ಲ. ತಲೆಕೆಳಗಾದರೆ ಶಾಫ್ಟಿನ ಒಳತುದಿಯ ಪಿಸ್ಟನ್ ಎಣ್ಣೆಯ ಬದಲು ಅನಿಲದಲ್ಲಿ ಓಡಾಡುತ್ತದೆ. ಆದಷ್ಟೂ ನೆಟ್ಟಗೆ, ಚಕ್ರಕ್ಕೆ ಹತ್ತಿರವಾಗಿ ನಿಲ್ಲಿಸಬೇಕು. 30 ಡಿಗ್ರಿ ವಾಲಿದ ಶಾಕ್ ತನ್ನ ಗಡಸುತನದ ಮುಕ್ಕಾಲು ಭಾಗವನ್ನು ಮಾತ್ರ ಆಕ್ಸಲ್‌ಗೆ ದಾಟಿಸುತ್ತದೆ. ಇಡೀ ಗಾಡಿಯ ಭಾರ ಈ ನಾಲ್ಕು ಬೋಲ್ಟ್ ಜೋಡಿಗಳ ಮೇಲೆ ನಿಂತಿರುವುದರಿಂದ, ಬೋಲ್ಟನ್ನು ಎರಡೂ ಬದಿಯಿಂದ ಹಿಡಿಯುವ ಬ್ರ್ಯಾಕೆಟ್ ಬೇಕು. ಹಳೆಯ ಶಾಕ್‌ಗಳಂತೆ ಒಂದೇ ಬದಿಯ ಪಿನ್‌ಗೆ ಸಿಕ್ಕಿಸಬಾರದು.

ಅನಿಲ ತುಂಬುವ ಮೊದಲು, ಶಾಕ್‌ಗಳು ಖಾಲಿ ಇರುವಾಗಲೇ, ಆಕ್ಸಲ್ಲನ್ನು ಜಾಕ್‌ನಿಂದ ಎತ್ತಿ ಇಳಿಸಿ ಪೂರ್ತಿ ಚಲನೆಯನ್ನು ಪರೀಕ್ಷಿಸಿ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಇರುವ ಅಡ್ಡಾದಿಡ್ಡಿ ಸ್ಥಿತಿಯನ್ನೂ ನೋಡಬೇಕು. ಬ್ರೇಕ್ ಹೋಸ್ ಜಗ್ಗುತ್ತಿದೆಯೇ, ಪ್ರೊಪೆಲ್ಲರ್ ಶಾಫ್ಟ್‌ನ ಸ್ಲಿಪ್ ಜಾಯಿಂಟ್ ಕಳಚುವ ಹಂತಕ್ಕೆ ಬರುತ್ತಿದೆಯೇ, ಶಾಕ್‌ನ ಕೊಳವೆ ಯಾವುದಾದರೂ ಲಿಂಕ್‌ಗೆ ತಾಗುತ್ತಿದೆಯೇ ಎಂಬುದು ಗೊತ್ತಾಗುವುದು ಈಗಲೇ. ಶಾಕ್ ತನ್ನ ಕೊನೆಯನ್ನು ಮುಟ್ಟುವ ಸ್ವಲ್ಪ ಮೊದಲು ಮೇಲೆ ಬಂಪ್ ಸ್ಟಾಪ್ ತಡೆಯಬೇಕು, ಕೆಳಗೆ ನೈಲಾನ್ ಪಟ್ಟಿಯ ಲಿಮಿಟ್ ಸ್ಟ್ರ್ಯಾಪ್ ಹಿಡಿಯಬೇಕು. ಸ್ಟ್ರ್ಯಾಪ್ ಬಳಕೆಯಲ್ಲಿ ಕೊಂಚ ಹಿಗ್ಗುತ್ತದೆ. ಅದಕ್ಕೂ ಜಾಗ ಇಟ್ಟುಕೊಳ್ಳಿ.

ಎಣ್ಣೆ ಮತ್ತು ಅನಿಲ ತುಂಬುವುದು

ಹೊಸ ಶಾಕ್ ಎಣ್ಣೆಯೊಂದಿಗೇ ಬರುತ್ತದೆ, ಎಷ್ಟು ಮಿ.ಲೀ. ಇದೆ ಎಂಬುದನ್ನು ತಯಾರಕರ ಕೈಪಿಡಿ ನೋಡಿ ನಾಲ್ಕಕ್ಕೂ ಬರೆದಿಟ್ಟುಕೊಳ್ಳಿ. ಎಣ್ಣೆ ಬದಲಿಸುವಾಗ ಮೊದಲು ಅನಿಲವನ್ನು ನಿಧಾನವಾಗಿ, ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು, ಪೂರ್ತಿ ಹೊರಬಿಡಬೇಕು. ಗಾಡಿ ಓಡಿಸಿದ ಕೂಡಲೇ ಬಿಟ್ಟರೆ ನೊರೆಯೆದ್ದ ಎಣ್ಣೆ ಅನಿಲದ ಜೊತೆಗೇ ಚಿಮ್ಮಿ ಅಳತೆಯೇ ಕೆಡುತ್ತದೆ, ಆದ್ದರಿಂದ ಒಂದೆರಡು ಗಂಟೆ ನೆಟ್ಟಗೆ ತಣಿಯಲು ಬಿಡಿ. ಒತ್ತಡ ಶೂನ್ಯವಾಗಿದೆ ಎಂದು ಖಚಿತವಾಗುವ ಮೊದಲು ಯಾವ ಮುಚ್ಚಳವನ್ನೂ ಸಡಿಲಿಸಬೇಡಿ. ಶಾಫ್ಟನ್ನು ಹಲವು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಪಿಸ್ಟನ್ ಅಡಿಯ ಗಾಳಿಯನ್ನು ಹೊರಡಿಸಿ, ನಂತರ ಸಿರಿಂಜ್‌ನಿಂದ ಅಳೆದು ಎಣ್ಣೆ ಹಾಕಬೇಕು. ಕೈಪಿಡಿಯ ಕನಿಷ್ಠಕ್ಕಿಂತ ಕಡಿಮೆಯಾದರೆ ಪಿಸ್ಟನ್ ಎಣ್ಣೆಯಿಂದ ಹೊರಬಂದು ಡ್ಯಾಂಪಿಂಗ್ ಇಲ್ಲವಾಗುತ್ತದೆ. ಗರಿಷ್ಠವನ್ನು ಮೀರಿದರೆ ಶಾಫ್ಟ್ ಕೊನೆ ತಲುಪುವ ಮೊದಲೇ ಅನಿಲದ ಜಾಗ ಮುಗಿದು ಸೀಲ್ ಸಿಡಿಯುತ್ತದೆ.

ಅನಿಲವೆಂದರೆ ನೈಟ್ರೋಜನ್ ಮಾತ್ರ. ಸಾಮಾನ್ಯ ಗಾಳಿಯಲ್ಲಿ ತೇವಾಂಶವೂ ಆಮ್ಲಜನಕವೂ ಇರುತ್ತವೆ. ಒಂದು ಒಳಗೆ ತುಕ್ಕು ಹಿಡಿಸುತ್ತದೆ, ಇನ್ನೊಂದು ಬಿಸಿ ಎಣ್ಣೆಯ ಜೊತೆ ಅಧಿಕ ಒತ್ತಡದಲ್ಲಿ ಇರಬಾರದ ವಸ್ತು. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ನೈಟ್ರೋಜನ್ ತುಂಬುವ ಯಂತ್ರ 14 ಬಾರ್ ಮುಟ್ಟುವುದಿಲ್ಲ. ವೆಲ್ಡಿಂಗ್ ಅನಿಲ ಮಾರುವವರಿಂದ ಸಿಲಿಂಡರ್, ಅದಕ್ಕೆ ತಕ್ಕ ಅಧಿಕ ಒತ್ತಡದ ರೆಗ್ಯುಲೇಟರ್, ಮತ್ತು ಕಳಚುವಾಗ ಅನಿಲ ಸೋರದಂತೆ ವಾಲ್ವ್ ಪಿನ್ನನ್ನು ಮೊದಲು ಬಿಡಿಸಿಕೊಳ್ಳುವ ಬಗೆಯ ಚಕ್ (ವಾಲ್ವ್‌ಗೆ ಹಚ್ಚುವ ಮೂತಿ) ಬೇಕು. ಕೊನೆಯದನ್ನು ಹಲವರು ದುಬಾರಿಯೆಂದು ಬಿಡುತ್ತಾರೆ. ಆದರೆ ಶಾಕ್‌ನೊಳಗಿನ ಅನಿಲದ ಪ್ರಮಾಣ ಎಷ್ಟು ಕಡಿಮೆಯೆಂದರೆ, ಸಾದಾ ಗೇಜ್ ಹಚ್ಚಿದ ಪ್ರತಿ ಸಲವೂ ಅದರ ಹೋಸ್ ತುಂಬುವಷ್ಟು ಅನಿಲ ಹೊರಗೆ ಹೋಗಿ, ಅಳೆಯುವ ಕ್ರಿಯೆಯೇ ಅಳತೆಯನ್ನು ಬದಲಿಸಿಬಿಡುತ್ತದೆ.

ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಗಳು ಜೋತುಬಿದ್ದು ಶಾಕ್‌ಗಳು ಪೂರ್ತಿ ಚಾಚಿರುವಾಗ ತುಂಬಬೇಕು. ಒತ್ತಡದ ಅಂಕಿಗಳಿಗೆ ಅರ್ಥವಿರುವುದು ಆ ಸ್ಥಿತಿಯಲ್ಲಿ ಮಾತ್ರ. ಕೈಪಿಡಿಯ ಗರಿಷ್ಠ ಒತ್ತಡವನ್ನು ದಾಟಬೇಡಿ. ಗಾಡಿಯನ್ನು ಕೆಳಗಿಳಿಸಿ, ಮೂಲೆಮೂಲೆಯನ್ನು ಒತ್ತಿ ಕುಲುಕಿಸಿ, ಹತ್ತು ಮೀಟರ್ ಹಿಂದೆ ಮುಂದೆ ಚಲಿಸಿದ ಮೇಲೆ ಹೊರಗೆ ಕಾಣುವ ಶಾಫ್ಟಿನ ಉದ್ದವನ್ನು ಟೇಪಿನಿಂದ ಅಳೆಯಿರಿ. ಚಲನೆಯ ಮೂರನೇ ಒಂದು ಭಾಗದಿಂದ ಶೇಕಡ 40ರವರೆಗೆ ಶಾಫ್ಟ್ ಕಾಣುತ್ತಿದ್ದರೆ ಅದು ಒಳ್ಳೆಯ ಆರಂಭ. ನಮ್ಮ ಉದಾಹರಣೆಯಲ್ಲಿ 12.4 ಸೆಂ.ಮೀ. ಕಾಣುತ್ತಿದೆ.

ಟ್ಯೂನಿಂಗ್: ಎತ್ತರಕ್ಕೆ ಅನಿಲ, ಗುಣಕ್ಕೆ ಎಣ್ಣೆ

ಗಾಡಿ ಇಳಿಜಾರಿನಲ್ಲಿ ಅಡ್ಡ ಹೋಗುವಾಗ ವಾಲುತ್ತದೆ, ಮೆದುವೆನಿಸುತ್ತದೆ. ಕೂಡಲೇ ಯಾರೋ ಒಬ್ಬರು ಸಿಲಿಂಡರ್ ತಂದು ಅನಿಲ ಏರಿಸುತ್ತಾರೆ. ನೋಡಲು ಸಹಜವಾದ ಈ ಮದ್ದು ರೋಗವನ್ನೇ ಹೆಚ್ಚಿಸುತ್ತದೆ. ಗಾಡಿಯ ಭಾರ ಬದಲಾಗಿಲ್ಲವಾದ್ದರಿಂದ ನಿಂತ ಸ್ಥಿತಿಯಲ್ಲಿ ಒಳಗಿನ ಒತ್ತಡವೂ ಬದಲಾಗುವುದಿಲ್ಲ. ಹೆಚ್ಚು ಅನಿಲ ಅಷ್ಟೇ ಒತ್ತಡದಲ್ಲಿ ಹೆಚ್ಚು ಜಾಗ ಹಿಡಿದು ಶಾಫ್ಟನ್ನು ಹೊರಗೆ ತಳ್ಳುತ್ತದೆ. ಅನಿಲದ ಜಾಗ ದೊಡ್ಡದಾದಷ್ಟೂ ಸ್ಪ್ರಿಂಗ್ ಮೆದು. ನಮ್ಮ ಶಾಕ್‌ನ ಒತ್ತಡವನ್ನು 14ರಿಂದ 16.6 ಬಾರ್‌ಗೆ ಏರಿಸಿದರೆ ಗಾಡಿ 5 ಸೆಂ.ಮೀ. ಎತ್ತರವಾಗುತ್ತದೆ, ಆದರೆ ನಿಂತ ಜಾಗದಲ್ಲಿ ಗಡಸುತನ 7.6ರಿಂದ 6.5ಕ್ಕೆ ಇಳಿಯುತ್ತದೆ. ಗುರುತ್ವ ಕೇಂದ್ರವೂ 5 ಸೆಂ.ಮೀ. ಮೇಲೇರಿತು. ವಾಲುವ ಗಾಡಿಗೆ ಇದಕ್ಕಿಂತ ಕೆಟ್ಟ ಜೋಡಿ ಬೇರೊಂದಿಲ್ಲ.

ಈಗ ಎಣ್ಣೆಯ ದಾರಿ ನೋಡಿ. ಅದೇ ಶಾಕ್‌ಗೆ 40 ಮಿ.ಲೀ. ಎಣ್ಣೆ ಸೇರಿಸಿದರೆ ಅನಿಲದ ಜಾಗ 370 ಮಿ.ಲೀ.ಗೆ ಇಳಿಯುತ್ತದೆ. ಗಾಡಿ ಮೊದಲಿನ ಎತ್ತರದಲ್ಲೇ ನಿಲ್ಲಬೇಕಾದರೆ ಒತ್ತಡವನ್ನು 12.7 ಬಾರ್‌ಗೆ ಇಳಿಸಬೇಕು. ಎತ್ತರ ಅದೇ, ಹೊತ್ತ ಭಾರ ಅದೇ 211 ಕೆ.ಜಿ.; ಆದರೆ ಗಡಸುತನ 7.6ರಿಂದ 9.3ಕ್ಕೆ ಏರಿತು, ಪೂರ್ತಿ ಒಳಗೆ ಹೋದಾಗಿನ ಬಲ 377ರಿಂದ 452 ಕೆ.ಜಿ.ಗೆ ಹೋಯಿತು, ಪೂರ್ತಿ ಚಾಚಿದಾಗ ತಳ್ಳುವ ಬಲ ಮಾತ್ರ 113ರಿಂದ 103ಕ್ಕೆ ಇಳಿಯಿತು. ಕಡಿದಾದ ಏರು ಹತ್ತುವಾಗ ಮುಂದಿನ ಶಾಕ್‌ಗಳು ಮೂತಿಯನ್ನು ಆಕಾಶಕ್ಕೆ ಎತ್ತುವುದು ಈ ಕೊನೆಯ ಬಲದಿಂದಲೇ ಆದ್ದರಿಂದ, ಎಣ್ಣೆ ಹೆಚ್ಚಿಸಿ ಅನಿಲ ಇಳಿಸಿದರೆ ಏರಿನಲ್ಲೂ ತುಸು ಲಾಭವಿದೆ.

ಇವು ಉದಾಹರಣೆಯ ಲೆಕ್ಕಗಳು. ನಿಜವಾದ ಗಾಡಿಯಲ್ಲಿ ಒಮ್ಮೆಗೆ 10 ಮಿ.ಲೀ.ಗಿಂತ ಹೆಚ್ಚು ಬದಲಿಸದೆ, ಪ್ರತಿ ಸಲವೂ ಅನಿಲದಿಂದ ಎತ್ತರವನ್ನು ಮೊದಲಿನ ಗುರುತಿಗೇ ತಂದು, ಅದೇ ಬಂಡೆ ಅದೇ ಇಳಿಜಾರಿನಲ್ಲಿ ಓಡಿಸಿ ನೋಡಬೇಕು. ಶಾಫ್ಟಿಗೆ ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಹಗುರವಾಗಿ ಸುತ್ತಿ, ಸೀಲ್‌ಗೆ ತಾಗುವಂತೆ ಮೇಲೆ ಸರಿಸಿಡಿ. ಶಾಫ್ಟ್ ಒಳಗೆ ಹೋದಾಗ ಸೀಲ್ ಅದನ್ನು ಕೆಳಕ್ಕೆ ತಳ್ಳುತ್ತಾ ಹೋಗಿ, ಅತಿ ಹೆಚ್ಚು ಒಳಸರಿದ ಬಿಂದುವಿನಲ್ಲಿ ಬಿಟ್ಟಿರುತ್ತದೆ. ದಿನದ ಕಠಿಣ ಹೊಡೆತಗಳ ಬಳಿಕವೂ ಟೈ ತುದಿಗೆ ಆರೇಳು ಸೆಂ.ಮೀ. ದೂರವೇ ಉಳಿದಿದ್ದರೆ ಎಣ್ಣೆ ಜಾಸ್ತಿಯಾಗಿದೆ. ಸಣ್ಣ ಉಬ್ಬಿಗೇ ತುದಿ ಮುಟ್ಟುತ್ತಿದ್ದರೆ ಕಡಿಮೆಯಾಗಿದೆ. ಸಾಮಾನು ಹೇರಿದಾಗ ಗಾಡಿ ತಗ್ಗಿದರೆ ಮಾತ್ರ ಅದು ಅನಿಲದ ಲೆಕ್ಕ. ಒಳಗೆ ಹೋದ ಶಾಫ್ಟ್ ಹೊರಬರುವಾಗ ಗಾಡಿಯನ್ನು ಒದ್ದಂತಾಗುವುದು ಎಣ್ಣೆಯ ಅಳತೆಯದಲ್ಲ, ಶಾಫ್ಟ್ ಹೊರಬರುವ ವೇಗವನ್ನು ತಡೆಯುವ ರಿಬೌಂಡ್ ಶಿಮ್‌ಗಳ (ಪಿಸ್ಟನ್ ಮೇಲಿನ ತೆಳು ಬಿಲ್ಲೆಗಳ) ದೋಷ. ಶಾಕ್ ಬಿಚ್ಚಿ ವಾಲ್ವಿಂಗ್ ಬದಲಿಸಬೇಕಾಗುತ್ತದೆ.

ಬಿಸಿಯ ಲೆಕ್ಕ

ಅನಿಲ ಬಿಸಿಯಾದರೆ ಹಿಗ್ಗುತ್ತದೆ. ನಸುಕಿನ 15 ಡಿಗ್ರಿಯಲ್ಲಿ ಅಳೆದ ಎತ್ತರ, ಶಾಕ್ 35 ಡಿಗ್ರಿಗೆ ಬಂದಾಗ ನಮ್ಮ ಉದಾಹರಣೆಯಲ್ಲಿ 2 ಸೆಂ.ಮೀ. ಹೆಚ್ಚಿರುತ್ತದೆ. ಸತತ ಓಟದಲ್ಲಿ ಒಳಗಿನ ಉಷ್ಣತೆ 27ರಿಂದ 87 ಡಿಗ್ರಿಗೆ ಹೋದರೆ 5 ಸೆಂ.ಮೀ.ಗೂ ಮೀರಿ ಏರುತ್ತದೆ. ಜೊತೆಗೆ ಎಣ್ಣೆ ನೊರೆಯಾಗಿ ಡ್ಯಾಂಪಿಂಗ್ ಕುಗ್ಗುತ್ತದೆ. ಅಂದರೆ ಗಾಡಿ ಎತ್ತರವಾಗುತ್ತಾ ತೇಲಾಡುತ್ತದೆ. ವೇಗದ ಓಟಕ್ಕೆ ಬೇಡ ಎಂದದ್ದು ಇದಕ್ಕೇ. ಮಧ್ಯಾಹ್ನ ಎತ್ತರವಾಯಿತೆಂದು ಅನಿಲ ಬಿಟ್ಟರೆ ಮರುದಿನ ಬೆಳಿಗ್ಗೆ ಗಾಡಿ ಬಂಪ್ ಸ್ಟಾಪ್ ಹತ್ತಿರ ಕೂತಿರುತ್ತದೆ. ಅಳತೆ, ಹೊಂದಾಣಿಕೆ ಎಲ್ಲವೂ ತಣ್ಣಗಿರುವಾಗ, ದಿನದ ಒಂದೇ ಹೊತ್ತಿಗೆ ಆಗಲಿ.

ವೇಗದ ಹೊಡೆತಕ್ಕೆ ಇನ್ನೊಂದು ಗುಣವಿದೆ. ಅನಿಲವನ್ನು ನಿಧಾನವಾಗಿ ಮೂರನೇ ಒಂದಕ್ಕೆ ಕುಗ್ಗಿಸಿದರೆ ಒತ್ತಡ ಮೂರು ಪಟ್ಟಾಗುತ್ತದೆ. ಬಿಸಿ ಹೊರಹೋಗಲು ಪುರುಸೊತ್ತಿಲ್ಲದಷ್ಟು ಬೇಗ ಕುಗ್ಗಿಸಿದರೆ ಸೈದ್ಧಾಂತಿಕವಾಗಿ ನಾಲ್ಕೂವರೆ ಪಟ್ಟು ದಾಟುತ್ತದೆ. ಶೆಡ್‌ನಲ್ಲಿ ಜಾಕ್ ಹಾಕಿ ನೋಡಿದ ಗಡಸುತನಕ್ಕೂ ಜಿಗಿದು ಬಿದ್ದಾಗಿನ ಗಡಸುತನಕ್ಕೂ ವ್ಯತ್ಯಾಸ ಕಂಡರೆ ಗಾಬರಿ ಬೇಡ.

ವಾಲುವಿಕೆ ಮತ್ತು ಏರು

ಎಣ್ಣೆ ಸರಿಯಾದ ಮೇಲೂ ಉಳಿಯುವ ವಾಲುವಿಕೆಗೆ ಆಂಟಿ ರೋಲ್ ಬಾರ್ ಬೇಕು. ಹಿಂದಿನ ಆಕ್ಸಲ್‌ಗೆ ಒಂದನ್ನು ಹಾಕುವುದು ಐಚ್ಛಿಕವಲ್ಲ ಎಂದೇ ನಾನು ಭಾವಿಸುತ್ತೇನೆ. ಮುಂದಿನದನ್ನು ಚಕ್ರಗಳ ಸ್ವತಂತ್ರ ಚಲನೆಗಾಗಿ ಬಿಟ್ಟುಬಿಡಬಹುದು. ಕಡಿದಾದ ಏರಿಗೆ ಬಂಡೆ ಹತ್ತುವವರು ಚಾಸಿಸ್‌ನ ಮಧ್ಯದಲ್ಲಿ ಸಣ್ಣ ವಿಂಚ್ ಕೂರಿಸಿ, ಅದರ ಹಗ್ಗವನ್ನು ಮುಂದಿನ ಆಕ್ಸಲ್‌ಗೆ ಕಟ್ಟಿ, ಏರು ಎದುರಾದಾಗ ಮೂತಿಯನ್ನು ಕೆಳಗೆಳೆದು ಹಿಡಿಯುತ್ತಾರೆ. ಸರಳ ಉಪಾಯವಾದರೂ ಹಿಮ್ಮಗುಚುವುದನ್ನು ತಪ್ಪಿಸುವಲ್ಲಿ ಇದರಷ್ಟು ಪರಿಣಾಮಕಾರಿ ಬೇರೆ ಇಲ್ಲ.

ಪಾಲನೆ

ಶತ್ರು ಕೆಸರು. ಗೋವಾದ ಮಳೆಗಾಲದ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಯಲ್ಲಿ ಶಾಫ್ಟಿಗೆ ಅಂಟಿದ ಕೆಮ್ಮಣ್ಣು ಒಣಗಿದರೆ ಸೀಲ್‌ಗೆ ಉಪ್ಪುಕಾಗದವಾಗುತ್ತದೆ, ಆದ್ದರಿಂದ ಒಣಗುವ ಮೊದಲೇ ಶಾಫ್ಟನ್ನು ನೀರು ಹನಿಸಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ಪ್ರೆಷರ್ ವಾಷರ್‌ನ ಮೂತಿಯನ್ನು ಸೀಲ್‌ಗೆ ನೇರವಾಗಿ ಹಿಡಿಯಬೇಡಿ. ಉಗುರಿಗೆ ತಾಗುವಷ್ಟು ಗೀರು ಶಾಫ್ಟ್ ಮೇಲಿದ್ದರೆ ಸೀಲ್ ಬದಲಿಸಿ ಪ್ರಯೋಜನವಿಲ್ಲ, ಶಾಫ್ಟನ್ನೇ ಬದಲಿಸಬೇಕು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ತಗ್ಗಿದ್ದರೆ ಮೊದಲು ವಾಲ್ವ್‌ಗೆ ಸೋಪು ನೀರು ಹಚ್ಚಿ ನೋಡಿ, ಅನೇಕ ಸಲ ಸೋರಿಕೆ ಅಲ್ಲಿಯೇ ಇರುತ್ತದೆ. ಶಾಫ್ಟಿನ ಸುತ್ತ ಎಣ್ಣೆಯ ಉಂಗುರ ಮೂಡಿದ್ದರೆ ಅನಿಲದ ಜೊತೆ ಎಣ್ಣೆಯೂ ಹೋಗಿದೆ. ಬರೀ ಅನಿಲ ತುಂಬಿ ಎತ್ತರ ಸರಿಪಡಿಸಿದರೆ ಆ ಮೂಲೆಯ ಸ್ಪ್ರಿಂಗ್ ಉಳಿದ ಮೂರಕ್ಕಿಂತ ಮೆದುವಾಗಿರುತ್ತದೆ. ಅಂಥ ಶಾಕ್ ಬಿಚ್ಚಿ, ಸೀಲ್ ಕಿಟ್ ಹಾಕಿ, ಬರೆದಿಟ್ಟ ಅಳತೆಯಂತೆ ಹೊಸ ಎಣ್ಣೆ ತುಂಬಬೇಕು. ಅದೇ ಆಕ್ಸಲ್‌ನ ಜೊತೆಯ ಶಾಕ್‌ನ ಎಣ್ಣೆಯನ್ನೂ ಅದೇ ದಿನ ಬದಲಿಸಿ.